ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ತೆರೆಯದಿದ್ದರೆ: ಫೈಲ್ ಸಿಸ್ಟಮ್ ದೋಷ ಪತ್ತೆ ಮತ್ತು ಪರಿವರ್ತನೆ

ಕಾಸರಗೋಡಿನ ಕನ್ನಡ ಶಾಲೆಗಳ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಕೇರಳದ ಕೈಟ್ ಸಂಸ್ಥೆ ಕೊಡುವ, ಉಬುಂಟು ಆಧಾರಿತ ಲಿನಕ್ಸ್. ಅಧ್ಯಾಪಕರ ಮನೆಯಲ್ಲಿ, ಜೆರಾಕ್ಸ್ ಅಂಗಡಿಯಲ್ಲಿ, ಸ್ಟುಡಿಯೋದಲ್ಲಿ ಹೆಚ್ಚಾಗಿ ವಿಂಡೋಸ್. ಯಕ್ಷಗಾನ ಚಿತ್ರೀಕರಿಸುವ ಕ್ಯಾಮರಾದ ದೊಡ್ಡ ಕಾರ್ಡಿನ ಫೈಲ್ ಸಿಸ್ಟಮ್, ಅಂದರೆ ಕಡತಗಳನ್ನು ಜೋಡಿಸಿಡುವ ಕ್ರಮ, ಎಕ್ಸ್‌ಫ್ಯಾಟ್. ಆ ಆಟವನ್ನು ತೋರಿಸಬೇಕಾದ ಮನೆಯ ಹಳೆಯ ಟಿವಿಗೆ ಎಷ್ಟೋ ಸಲ ಫ್ಯಾಟ್32 ಬಿಟ್ಟರೆ ಬೇರೇನೂ ತಿಳಿಯದು. ಒಂದೇ ಪೆನ್‌ಡ್ರೈವ್ ಈ ನಾಲ್ಕೂ ಕಡೆ ಹೊಕ್ಕು ಬರುತ್ತದೆ. ಎಲ್ಲೋ ಒಂದು ಕಡೆ ತೆರೆಯದಿದ್ದರೆ ‘ಡಿಸ್ಕ್ ಹಾಳಾಯಿತು, ಫಾರ್ಮ್ಯಾಟ್ ಮಾಡಿ’ ಎಂಬ ಸಲಹೆ ತಕ್ಷಣ ಬರುತ್ತದೆ. ಈ ಸಲಹೆಯಿಂದ ಕಳೆದುಹೋಗುವ ಕಡತಗಳೇ ಹೆಚ್ಚು.

ಡಿಸ್ಕ್ ತೆರೆಯದಿರಲು ಮೂರು ಬೇರೆ ಬೇರೆ ಕಾರಣಗಳಿವೆ. ಒಂದು, ಡಿಸ್ಕಿನ ಫೈಲ್ ಸಿಸ್ಟಮ್ ಸರಿಯಾಗಿಯೇ ಇದೆ, ಆದರೆ ಎದುರಿನ ಯಂತ್ರಕ್ಕೆ ಅದು ಗೊತ್ತಿಲ್ಲ. ಎರಡು, ಫೈಲ್ ಸಿಸ್ಟಮಿನ ಒಳರಚನೆ ಕೆಟ್ಟಿದೆ. ಮೂರು, ಡಿಸ್ಕ್, ಕೇಬಲ್ ಅಥವಾ ಚಿಪ್ ಕೆಟ್ಟಿದೆ. ಪರಿವರ್ತನೆಯಿಂದ ಗುಣವಾಗುವುದು ಮೊದಲನೆಯದು ಮಾತ್ರ. ಎರಡನೆಯದಕ್ಕೆ ದುರಸ್ತಿ ಬೇಕು. ಮೂರನೆಯದರಲ್ಲಿ ದುರಸ್ತಿಯ ಪ್ರಯತ್ನವೇ ಉಳಿದ ಜೀವವನ್ನೂ ತೆಗೆಯಬಹುದು. ಹಾಗಾಗಿ ಯಾವುದೆಂದು ಗೊತ್ತಾಗುವವರೆಗೆ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು.

ಇಲ್ಲಿ ಆಜ್ಞೆಗಳನ್ನು ಕನ್ನಡದಲ್ಲಿ ಉಚ್ಚರಿಸಿದಂತೆ ಬರೆದಿದೆ. ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು.

ಮೊದಲ ನೋಟ

ವಿಂಡೋಸಿನಲ್ಲಿ ಡ್ರೈವಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಫೈಲ್ ಸಿಸ್ಟಮಿನ ಹೆಸರು ಕಾಣುತ್ತದೆ. ಡ್ರೈವ್ ಅಲ್ಲಿ ಕಾಣದೇ ಇದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಲಿನಕ್ಸಿನಲ್ಲಿ ಡಿಸ್ಕ್ಸ್ ಎಂಬ ಕಿಟಕಿ ಸಾಕು. ಟರ್ಮಿನಲ್ (ಆಜ್ಞೆಗಳನ್ನು ಒತ್ತುವ ಕಿಟಕಿ) ರೂಢಿಯಿದ್ದರೆ ‘ಎಲ್‌ಎಸ್‌ಬಿಎಲ್‌ಕೆ -ಎಫ್’.

ಗಾತ್ರ ಸರಿಯಾಗಿ ಕಂಡು ಫೈಲ್ ಸಿಸ್ಟಮಿನ ಹೆಸರೂ ಕಂಡರೆ ಅರ್ಧ ಭಯ ಬಿಡಬಹುದು. ಗಾತ್ರ ಸರಿ ಇದ್ದು ಹೆಸರಿನ ಜಾಗದಲ್ಲಿ ‘ರಾ’ ಎಂದಿದ್ದರೆ ಆ ಯಂತ್ರಕ್ಕೆ ಡಿಸ್ಕಿನ ರಚನೆ ಅರ್ಥವಾಗಿಲ್ಲ ಎಂದಷ್ಟೇ ತಿಳಿಯಬೇಕು. ‘ನೋ ಮೀಡಿಯಾ’ ಎಂದೋ ಸೊನ್ನೆ ಬೈಟ್ ಎಂದೋ ಇದ್ದರೆ ಯಂತ್ರಕ್ಕೆ ಒಳಗಿನ ಸಂಗ್ರಹವೇ ಸಿಗುತ್ತಿಲ್ಲ. ಇನ್ನೊಂದು ಪೋರ್ಟಿನಲ್ಲಿ, ಇನ್ನೊಂದು ಯಂತ್ರದಲ್ಲಿ ಚುಚ್ಚಿದರೂ ಅದೇ ಉತ್ತರ ಬಂದರೆ ಯಾವ ಸಾಫ್ಟ್‌ವೇರಿನಿಂದಲೂ ಪ್ರಯೋಜನವಿಲ್ಲ.

‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದಾಗ

ಈ ಪೆಟ್ಟಿಗೆಯಲ್ಲಿ ಯಾವಾಗಲೂ ಕ್ಯಾನ್ಸಲ್ ಒತ್ತಿ. ವಿಂಡೋಸಿಗೆ ಲಿನಕ್ಸಿನ ಇಎಕ್ಸ್‌ಟಿ4 ತನ್ನಷ್ಟಕ್ಕೆ ಓದಲು ಬರುವುದಿಲ್ಲ. ಶಾಲೆಯ ಲ್ಯಾಪ್‌ಟಾಪಿನಲ್ಲಿ ಇಎಕ್ಸ್‌ಟಿ4 ಮಾಡಿದ ಡಿಸ್ಕನ್ನು ಮನೆಗೆ ತಂದು ಚುಚ್ಚಿದರೆ ಅದು ಫಾರ್ಮ್ಯಾಟ್ ಕೇಳಬಹುದು, ಇಲ್ಲವೇ ಡ್ರೈವಿನ ಅಕ್ಷರವನ್ನೇ ಕೊಡದೆ ಸುಮ್ಮನಿರಬಹುದು. ಡಿಸ್ಕಿಗೆ ಯಾವ ರೋಗವೂ ಇಲ್ಲ. ಲಿನಕ್ಸ್ ಯಂತ್ರದಲ್ಲಿ ಚುಚ್ಚಿ ನೋಡಿ. ತೆರೆದರೆ ಅಲ್ಲಿಂದಲೇ ಕಡತಗಳನ್ನು ಎಕ್ಸ್‌ಫ್ಯಾಟ್ ಡಿಸ್ಕಿಗೆ ನಕಲಿಸಿಕೊಳ್ಳಿ.

ಹಾಗೆಯೇ ಬಿಟ್‌ಲಾಕರ್ ಬೀಗ ಹಾಕಿದ ವಿಂಡೋಸ್ ವಿಭಾಗವನ್ನು (ಪಾರ್ಟಿಷನ್) ಲಿನಕ್ಸಿನಲ್ಲಿ ತೆರೆದರೆ ಕೀಲಿ ಕೇಳುತ್ತದೆ. ಇತ್ತೀಚಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ಮಾಲೀಕರಿಗೆ ಗೊತ್ತಿಲ್ಲದೆಯೂ ಬಿದ್ದಿರಬಹುದು. ಅದರ 48 ಅಂಕಿಗಳ ರಿಕವರಿ ಕೀ ಸಾಮಾನ್ಯವಾಗಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಅದಿಲ್ಲದೆ ಒಳಗಿನದು ಸಿಗುವುದಿಲ್ಲ.

ಎರಡೂ ಕಡೆ ತೆರೆಯದಿದ್ದರೆ, ಗಾತ್ರ ಮಾತ್ರ ಸರಿಯಾಗಿ ಕಂಡರೆ, ಬೂಟ್ ಸೆಕ್ಟರ್, ಅಂದರೆ ಫೈಲ್ ಸಿಸ್ಟಮಿನ ವಿವರ ಬರೆದಿಟ್ಟ ವಿಭಾಗದ ಮೊದಲ ತುಂಡು, ಕೆಟ್ಟಿರುವ ಸಾಧ್ಯತೆ ದೊಡ್ಡದು. ಡಿಸ್ಕಿನಲ್ಲೇ ಅದರ ಪ್ರತಿ ಇರುತ್ತದೆ: ಫ್ಯಾಟ್32ರಲ್ಲಿ ವಿಭಾಗದ 6ನೇ ಸೆಕ್ಟರ್, ಎಕ್ಸ್‌ಫ್ಯಾಟ್‌ನಲ್ಲಿ 12ನೇ ಸೆಕ್ಟರಿನಿಂದ ಮುಂದೆ, ವಿಂಡೋಸಿನ ಎನ್‌ಟಿಎಫ್‌ಎಸ್‌ನಲ್ಲಿ ವಿಭಾಗದ ಕಟ್ಟಕಡೆಯ ಸೆಕ್ಟರ್. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್ ಆಯ್ದು, ಅಡ್ವಾನ್ಸ್‌ಡ್, ಆಮೇಲೆ ಬೂಟ್ ಒತ್ತಿದರೆ ಎರಡರ ಸ್ಥಿತಿಯನ್ನೂ ತೋರಿಸುತ್ತದೆ. ಮೂಲ ‘ಬ್ಯಾಡ್’, ಪ್ರತಿ ‘ಓಕೆ’ ಎಂದಿದ್ದರೆ ಮಾತ್ರ ‘ಬ್ಯಾಕಪ್ ಬಿಎಸ್’ ಆಯ್ಕೆಯಿಂದ ಪ್ರತಿಯನ್ನು ಮೂಲದ ಮೇಲೆ ಬರೆಯಿಸಬಹುದು. ಎರಡೂ ಕೆಟ್ಟಿದ್ದರೆ ಅಲ್ಲಿಗೆ ನಿಲ್ಲಿಸಿ. ಮುಂದಿನ ಕೆಲಸವನ್ನೆಲ್ಲ ಡಿಸ್ಕಿನ ಪ್ರತಿಬಿಂಬದ ಮೇಲೆ, ಅಂದರೆ ಇಡೀ ಡಿಸ್ಕನ್ನು ಹಾಗೆಯೇ ನಕಲಿಸಿದ ಕಡತದ ಮೇಲೆ, ಮಾಡಬೇಕು.

ಇಎಕ್ಸ್‌ಟಿ4ಕ್ಕೂ ಇಂಥದೇ ವ್ಯವಸ್ಥೆಯಿದೆ. 4 ಕೆಬಿ ಬ್ಲಾಕಿನ ವಿಭಾಗದಲ್ಲಿ ಸೂಪರ್‌ಬ್ಲಾಕಿನ (ಫೈಲ್ ಸಿಸ್ಟಮಿನ ಮೂಲ ವಿವರ ಇರುವ ಬ್ಲಾಕ್) ಮೊದಲ ಪ್ರತಿ 32768ನೇ ಬ್ಲಾಕಿನಲ್ಲಿರುತ್ತದೆ. ‘ಇ2ಎಫ್‌ಎಸ್‌ಸಿಕೆ -ಬಿ 32768’ ಎಂದು ವಿಭಾಗದ ಹೆಸರು ಕೊಟ್ಟರೆ ಆ ಪ್ರತಿಯಿಂದ ದುರಸ್ತಿ ಆರಂಭವಾಗುತ್ತದೆ.

ಶಾಲೆಯ ಲಿನಕ್ಸಿನಲ್ಲಿ ಓದಬಹುದು, ಬರೆಯಲಾಗದು

ಇದು ನಮ್ಮ ಕಡೆ ಪದೇ ಪದೇ ಬರುವ ದೂರು. ಮನೆಯ ವಿಂಡೋಸಿನಲ್ಲಿ ಬಳಸಿದ ಎನ್‌ಟಿಎಫ್‌ಎಸ್ ಹಾರ್ಡ್‌ಡಿಸ್ಕ್ ಶಾಲೆಯಲ್ಲಿ ತೆರೆಯುತ್ತದೆ, ಆದರೆ ಹೊಸ ಕಡತ ಇಡಲು ಬಿಡುವುದಿಲ್ಲ. ಇಲ್ಲವೇ ‘ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್’ ಎಂಬ ಉದ್ದದ ಸಂದೇಶ ಬರುತ್ತದೆ. ಸಂದೇಶ ಹೆದರಿಸುವಂತಿದ್ದರೂ ಕಾರಣ ಸಾಮಾನ್ಯವಾಗಿ ಸಣ್ಣದು.

ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯವಿದೆ. ಶಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ಮುಗಿಯದೆ ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಮಲಗುತ್ತದೆ. ಆಗ ಜೋಡಿಸಿದ್ದ ಎನ್‌ಟಿಎಫ್‌ಎಸ್ ವಿಭಾಗಗಳ ಲೆಕ್ಕ ಅರ್ಧ ತೆರೆದೇ ಉಳಿಯುತ್ತದೆ. ಇಜೆಕ್ಟ್ ಮಾಡದೆ ಕಿತ್ತರೂ ಡಿಸ್ಕಿನ ಮೇಲೆ ‘ಡರ್ಟಿ’ (ಸರಿಯಾಗಿ ಮುಚ್ಚಿಲ್ಲ) ಎಂಬ ಗುರುತು ಉಳಿಯಬಹುದು. ಆ ಸ್ಥಿತಿಯಲ್ಲಿ ಬೇರೊಂದು ವ್ಯವಸ್ಥೆ ಬರೆದರೆ ಎಚ್ಚರಗೊಂಡ ವಿಂಡೋಸಿನ ನೆನಪಿಗೂ ಡಿಸ್ಕಿನ ವಾಸ್ತವಕ್ಕೂ ತಾಳೆಯಾಗದೆ ಕಡತಗಳು ಹಾಳಾಗುತ್ತವೆ. ಲಿನಕ್ಸ್ ಬರೆಯಲು ಒಪ್ಪದಿರುವುದು ನಿಮ್ಮ ಕಡತಗಳ ರಕ್ಷಣೆಗಾಗಿಯೇ.

ಪರಿಹಾರ ವಿಂಡೋಸಿನ ಕಡೆಯಿಂದಲೇ ಆಗಬೇಕು. ಡಿಸ್ಕನ್ನು ಅಲ್ಲಿಗೆ ಜೋಡಿಸಿ, ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಸಿಎಚ್‌ಕೆಡಿಎಸ್‌ಕೆ ಇ: /ಎಫ್’ ಓಡಿಸಿ. ಇಲ್ಲಿ ‘ಇ’ ಎಂದರೆ ಡ್ರೈವಿನ ಅಕ್ಷರ. ನಿಮ್ಮಲ್ಲಿ ಬೇರೆ ಇರಬಹುದು. ಆಮೇಲೆ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ‘ಚೂಸ್ ವಾಟ್ ದಿ ಪವರ್ ಬಟನ್ಸ್ ಡು’ ಎಂಬಲ್ಲಿಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಗುರುತನ್ನು ತೆಗೆಯಿರಿ. ಅದು ಮಸುಕಾಗಿದ್ದರೆ ಮೇಲೆಯೇ ಇರುವ ‘ಚೇಂಜ್ ಸೆಟ್ಟಿಂಗ್ಸ್’ ಸಾಲನ್ನು ಮೊದಲು ಒತ್ತಬೇಕು. ಸದ್ಯದ ಮಟ್ಟಿಗೆ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುತ್ತದೆ.

ಹತ್ತಿರದಲ್ಲಿ ವಿಂಡೋಸ್ ಯಂತ್ರವೇ ಇಲ್ಲದಿದ್ದರೆ ಲಿನಕ್ಸಿನ ‘ಎನ್‌ಟಿಎಫ್‌ಎಸ್‌ಫಿಕ್ಸ್ -ಡಿ’ ಡರ್ಟಿ ಗುರುತನ್ನು ಅಳಿಸುತ್ತದೆ. ಹೆಸರಿನಲ್ಲಿ ‘ಫಿಕ್ಸ್’ ಇದ್ದರೂ ಅದು ಪೂರ್ಣ ದುರಸ್ತಿಯಲ್ಲ. ಕೆಲವು ಮೂಲ ದೋಷಗಳನ್ನು ಸರಿಪಡಿಸಿ, ಜರ್ನಲನ್ನು (ಮಾಡುವ ಬದಲಾವಣೆಗಳನ್ನು ಮೊದಲು ಬರೆದಿಡುವ ದಿನಚರಿ) ಖಾಲಿ ಮಾಡಿ ಬಿಟ್ಟುಬಿಡುತ್ತದೆ. ವಿಂಡೋಸ್ ಇರುವ ಒಳವಿಭಾಗದ ಮೇಲೆ ಇದನ್ನು ಬಳಸಬೇಡಿ. ಹೊರಡಿಸ್ಕಿನ ಮೇಲೆ ಬಳಸಿದರೂ ಮನೆಗೆ ಹೋದೊಡನೆ ಸಿಎಚ್‌ಕೆಡಿಎಸ್‌ಕೆ ಓಡಿಸಿ.

ಪೆನ್‌ಡ್ರೈವ್ ಯಾವ ಯಂತ್ರದಲ್ಲೂ ಬರೆಯಲು ಬಿಡದಿದ್ದರೆ ವಿಷಯ ಬೇರೆ. ಎಸ್‌ಡಿ ಕಾರ್ಡಿನ ಅಡಾಪ್ಟರಿನ ಬದಿಯಲ್ಲಿರುವ ಸಣ್ಣ ಲಾಕ್ ಗುಂಡಿ ಕೆಳಕ್ಕೆ ಜಾರಿದೆಯೇ ನೋಡಿ. ಗುಂಡಿಯೇ ಇಲ್ಲದ ಪೆನ್‌ಡ್ರೈವ್ ಏಕಾಏಕಿ ‘ರೈಟ್ ಪ್ರೊಟೆಕ್ಟೆಡ್’ ಆದರೆ ಅದರ ಫ್ಲ್ಯಾಶ್ ಸವೆದು ಕಂಟ್ರೋಲರ್ ತಾನೇ ಬಾಗಿಲು ಹಾಕಿಕೊಂಡಿರುವುದು ಹೆಚ್ಚು. ಇರುವುದನ್ನು ನಕಲಿಸಿ, ಅದನ್ನು ಬಿಡಿ.

4 ಜಿಬಿಯ ಗೋಡೆ

‘ಫೈಲ್ ಈಸ್ ಟೂ ಲಾರ್ಜ್ ಫಾರ್ ದಿ ಡೆಸ್ಟಿನೇಷನ್ ಫೈಲ್ ಸಿಸ್ಟಮ್’ ಎಂದರೆ ಗುರಿ ಡಿಸ್ಕ್ ಫ್ಯಾಟ್32. ಜಾಗ ಎಷ್ಟೇ ಖಾಲಿ ಇದ್ದರೂ ಅದರಲ್ಲಿ ಒಂದು ಕಡತ 4,294,967,295 ಬೈಟ್ ಮೀರುವಂತಿಲ್ಲ, ಏಕೆಂದರೆ ಗಾತ್ರವನ್ನು ಬರೆದಿಡಲು ಇರುವುದು 32 ಬಿಟ್ ಮಾತ್ರ. ಸೆಕೆಂಡಿಗೆ 24 ಮೆಗಾಬಿಟ್‌ನಲ್ಲಿ ಮುದ್ರಿಸಿದ ವಿಡಿಯೋ ಸುಮಾರು 24 ನಿಮಿಷಕ್ಕೆ, 8 ಮೆಗಾಬಿಟ್‌ನದು ಸುಮಾರು 71 ನಿಮಿಷಕ್ಕೆ ಈ ಮಿತಿ ಮುಟ್ಟುತ್ತದೆ. ಇಡೀ ರಾತ್ರಿಯ ಆಟ ಒಂದೇ ಕಡತವಾಗಿ ಇದರಲ್ಲಿ ಹಿಡಿಯುವ ಪ್ರಶ್ನೆಯೇ ಇಲ್ಲ. ಫ್ಯಾಟ್32 ಕಾರ್ಡಿನಲ್ಲಿ ಕ್ಯಾಮರಾ ಪ್ರಸಂಗವನ್ನು ತುಂಡುತುಂಡು ಕಡತಗಳಾಗಿ ಕೊಡುವುದೂ ಇದೇ ಕಾರಣಕ್ಕೆ.

ವಿಂಡೋಸ್ ನಕಲಿಸುವ ಮೊದಲೇ ಇದನ್ನು ಹೇಳಿ ನಿಲ್ಲಿಸುತ್ತದೆ. ಲಿನಕ್ಸ್ ಟರ್ಮಿನಲಿನ ‘ಸಿಪಿ’ ಹಾಗಲ್ಲ, 4 ಜಿಬಿ ಬರೆದ ಮೇಲೆ ‘ಫೈಲ್ ಟೂ ಲಾರ್ಜ್’ ಎನ್ನುತ್ತದೆ, ತುಂಡು ಕಡತ ಅಲ್ಲೇ ಉಳಿಯುತ್ತದೆ. ಗಾತ್ರ ಹೋಲಿಸದೆ ಮೂಲವನ್ನು ಅಳಿಸಿದರೆ ಬೆಳಗಿನ ಜಾವದ ಪದ್ಯಗಳು ಶಾಶ್ವತವಾಗಿ ಹೋದಂತೆ.

ಕಡತಗಳ ಹೆಸರು ವಿಚಿತ್ರವಾಗಿದ್ದರೆ, ಫೋಲ್ಡರ್ ಖಾಲಿಯಾಗಿದ್ದರೆ

ಒಂದು ಕಡತ ಬರೆಯುವಾಗ ಡಿಸ್ಕಿನಲ್ಲಿ ಮೂರು ಕಡೆ ಬದಲಾವಣೆ ಆಗಬೇಕು: ಫೋಲ್ಡರಿನ ನಮೂದು, ಯಾವ ಜಾಗ ಯಾರದು ಎಂಬ ಹಂಚಿಕೆಯ ಪಟ್ಟಿ, ಮತ್ತು ಕಡತದ ದತ್ತಾಂಶ. ಇವುಗಳ ನಡುವೆ ಕರೆಂಟ್ ಹೋದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಎನ್‌ಟಿಎಫ್‌ಎಸ್, ಇಎಕ್ಸ್‌ಟಿ4ಗಳಲ್ಲಿ ಜರ್ನಲ್ ಇರುವುದರಿಂದ ರಚನೆ ಮತ್ತೆ ಸರಿಹೊಂದುತ್ತದೆ. ಆಗ ಬರೆಯುತ್ತಿದ್ದ ಕಡತ ಉಳಿಯುತ್ತದೆಂಬ ಖಾತರಿ ಮಾತ್ರ ಇಲ್ಲ. ಫ್ಯಾಟ್32ಕ್ಕೆ ಜರ್ನಲ್ ಇಲ್ಲ, ಆದರೆ ಹಂಚಿಕೆಯ ಪಟ್ಟಿಯ ಎರಡು ಪ್ರತಿಗಳಿರುತ್ತವೆ. ಎಕ್ಸ್‌ಫ್ಯಾಟ್‌ಗೆ ಜರ್ನಲೂ ಇಲ್ಲ, ಪಟ್ಟಿಯೂ ಸಾಮಾನ್ಯವಾಗಿ ಒಂದೇ. ಕಡತ ಸಾಗಿಸಲು ಎಕ್ಸ್‌ಫ್ಯಾಟ್ ಎಷ್ಟು ಒಳ್ಳೆಯದೋ ವರ್ಷಗಟ್ಟಲೆ ಕೂಡಿಡಲು ಅಷ್ಟೇ ದುರ್ಬಲ ಎನ್ನಲು ಇದು ಸಾಕು.

ಮೊದಲು /ಎಫ್ ಇಲ್ಲದೆ ‘ಸಿಎಚ್‌ಕೆಡಿಎಸ್‌ಕೆ ಇ:’ ಓಡಿಸಿ. ಅದು ನೋಡುತ್ತದೆ, ಮುಟ್ಟುವುದಿಲ್ಲ. ನಾಲ್ಕೈದು ದೋಷ ಹೇಳಿದರೆ /ಎಫ್ ಕೊಡಬಹುದು. ತೆರೆಯಿಂದ ತೆರೆಗೆ ದೋಷಗಳು ಹರಿದರೆ ಮೊದಲು ಸಿಗುವ ಕಡತಗಳನ್ನು ಬೇರೆಡೆಗೆ ನಕಲಿಸಿ. ಸಿಎಚ್‌ಕೆಡಿಎಸ್‌ಕೆಯ ಗುರಿ ರಚನೆಯನ್ನು ಸರಿಪಡಿಸುವುದೇ ಹೊರತು ಕಡತಗಳನ್ನು ಉಳಿಸುವುದಲ್ಲ. ತಾಳೆಯಾಗದ್ದನ್ನು ಅದು ಕತ್ತರಿಸಿ ‘ಫೌಂಡ್.000’ ಎಂಬ ಅಡಗಿದ ಫೋಲ್ಡರಿನಲ್ಲಿ ‘.ಸಿಎಚ್‌ಕೆ’ ತುಂಡುಗಳಾಗಿ ಹಾಕುತ್ತದೆ. ಚಿತ್ರವೋ ಧ್ವನಿಯೋ ಆಗಿದ್ದರೆ ಕೊನೆಯ ವಿಸ್ತರಣೆ ಬದಲಿಸಿ ತೆರೆದು ನೋಡಬಹುದು. ಅದೂ ಆಗದಿದ್ದರೆ ಫೋಟೋರೆಕ್ ತಂತ್ರಾಂಶ ಕಡತಗಳನ್ನು ಅವುಗಳ ಒಳಗುರುತಿನಿಂದ ಹುಡುಕಿ ಕೊಡುತ್ತದೆ, ಹೆಸರುಗಳು ಮಾತ್ರ ಬರುವುದಿಲ್ಲ.

ಶಾಲೆಯ ಲ್ಯಾಪ್‌ಟಾಪ್ ಬ್ಯಾಟರಿ ಮುಗಿದು ನಿಂತು, ಮತ್ತೆ ಹಚ್ಚಿದಾಗ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಕಪ್ಪು ಪರದೆಯಲ್ಲಿ ನಿಂತರೂ ಮರುಸ್ಥಾಪನೆಗೆ ಓಡಬೇಡಿ. ಮೇಲಿನ ಸಾಲುಗಳಲ್ಲಿ ‘ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ’ ಎಂದು ವಿಭಾಗದ ಹೆಸರಿನ ಸಮೇತ ಬರೆದಿರುತ್ತದೆ. ಕಾಣದಿದ್ದರೆ ‘ಎಕ್ಸಿಟ್’ ಎಂದು ಒತ್ತಿದರೆ ಮತ್ತೆ ತೋರಿಸುತ್ತದೆ. ಆ ಹೆಸರನ್ನೇ ಕೊಟ್ಟು, ಉದಾಹರಣೆಗೆ ‘ಎಫ್‌ಎಸ್‌ಸಿಕೆ -ವೈ /ಡೆವ್/ಎಸ್‌ಡಿಎ2’, ಮುಗಿದ ಮೇಲೆ ಮತ್ತೆ ‘ಎಕ್ಸಿಟ್’ ಕೊಡಿ. ಬಹುಮಟ್ಟಿಗೆ ಯಂತ್ರ ಏಳುತ್ತದೆ. ಇದೇ ಪರದೆ ಮತ್ತೆ ಮತ್ತೆ ಬಂದರೆ ಬ್ಯಾಟರಿಯನ್ನೂ ಡಿಸ್ಕನ್ನೂ ಪರೀಕ್ಷಿಸಬೇಕು.

ಡಿಸ್ಕೇ ಸಾಯುತ್ತಿದೆಯೇ?

ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಟ್ಟುಕೊಂಡ ದಾಖಲೆಯನ್ನು ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ, ಲಿನಕ್ಸಿನಲ್ಲಿ ‘ಸ್ಮಾರ್ಟ್‌ಸಿಟಿಎಲ್ -ಎ’ ತೋರಿಸುತ್ತವೆ. ಹಾರ್ಡ್‌ಡಿಸ್ಕಿನಲ್ಲಿ ನೋಡಬೇಕಾದ ಸಾಲುಗಳು ಮೂರು, ಅವನ್ನು ಐಡಿ ಸಂಖ್ಯೆಯಿಂದ ಗುರುತಿಸಿ. 5ನೆಯದು, ಬದಲಿಗೆ ಹಾಕಿದ ಸೆಕ್ಟರುಗಳು. 197ನೆಯದು, ಓದಲಾಗದೆ ಕಾಯುತ್ತಿರುವ ಸೆಕ್ಟರುಗಳು. 199ನೆಯದು, ಕೇಬಲಿನ ದಾರಿಯಲ್ಲಿ ಆದ ತಪ್ಪುಗಳು. ಮೊದಲೆರಡರ ಮೂಲ ಸಂಖ್ಯೆ (ರಾ ವ್ಯಾಲ್ಯೂ) ಸೊನ್ನೆಯಲ್ಲದೆ ಏರುತ್ತಲೇ ಇದ್ದರೆ ಡಿಸ್ಕ್ ಹೋಗುತ್ತಿದೆ. 199 ಮಾತ್ರ ಏರುತ್ತಿದ್ದರೆ ಕೇಬಲ್ ಬದಲಿಸಿ ನೋಡಿ. ಚಿಕ್ಕ ಪೋರ್ಟಬಲ್ ಹಾರ್ಡ್‌ಡಿಸ್ಕಿಗೆ ಡೆಸ್ಕ್‌ಟಾಪಿನ ಮುಂದಿನ ಪೋರ್ಟೋ ಹಬ್ಬೋ ಕೊಡುವ ಕರೆಂಟ್ ಸಾಲದೆ ಅದು ಟಿಕ್ ಟಿಕ್ ಎನ್ನುವುದುಂಟು. ಹಿಂದಿನ ಪೋರ್ಟಿಗೆ ನೇರವಾಗಿ ಹಾಕಿ ನೋಡಿ.

ಸಾಯುತ್ತಿರುವ ಡಿಸ್ಕಿನ ಮೇಲೆ ಸಿಎಚ್‌ಕೆಡಿಎಸ್‌ಕೆ /ಆರ್ ಓಡಿಸಬಾರದು. ಅದು ಗಂಟೆಗಟ್ಟಲೆ ಪ್ರತಿ ಸೆಕ್ಟರನ್ನೂ ಓದಿಸಿ ಡಿಸ್ಕನ್ನು ದಣಿಸುತ್ತದೆ, ಉಳಿದದ್ದು ಕೈಗೆ ಬರುವುದಿಲ್ಲ. ಬದಲಿಗೆ ಲಿನಕ್ಸಿನ ‘ಡಿಡಿರೆಸ್ಕ್ಯೂ’ ಬಳಸಿ ಇಡೀ ಡಿಸ್ಕಿನ ಪ್ರತಿಬಿಂಬ ತೆಗೆಯಿರಿ. ಅದು ಸುಲಭವಾಗಿ ಬರುವುದನ್ನು ಮೊದಲು ಎತ್ತಿ, ಕೆಟ್ಟ ಜಾಗಗಳಿಗೆ ಕೊನೆಗೆ ಮರಳುತ್ತದೆ. ಮ್ಯಾಪ್ ಕಡತದ ಹೆಸರನ್ನೂ ಕೊಟ್ಟರೆ ನಡುವೆ ನಿಂತರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಪ್ರತಿಬಿಂಬ ಇಡುವ ಡಿಸ್ಕ್ ಮೂಲಕ್ಕಿಂತ ದೊಡ್ಡದಿರಬೇಕು, ಫ್ಯಾಟ್32 ಆಗಿರಬಾರದು.

ಹೊಸ ಪೆನ್‌ಡ್ರೈವಿನಲ್ಲಿ ಮೊದಲ ಕಡತಗಳು ಸರಿ, ಆಮೇಲೆ ಹಾಕಿದವು ಮಾತ್ರ ಕೆಡುತ್ತವೆ ಎಂದಾದರೆ ಸುಳ್ಳು ಗಾತ್ರದ ಡ್ರೈವ್ ಇರಬಹುದು. 2 ಟಿಬಿ ಎಂದು ಅಗ್ಗಕ್ಕೆ ಮಾರುವಂಥವುಗಳಲ್ಲಿ ಒಳಗಿನ ಚಿಪ್ ಸಣ್ಣದು. ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು, ಲಿನಕ್ಸಿನಲ್ಲಿ ಎಫ್3 ಪೂರ್ತಿ ಬರೆದು ಓದಿ ನಿಜ ಗಾತ್ರ ಹೇಳುತ್ತವೆ. ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಇದು ಸರಿಯಾಗುವುದಿಲ್ಲ.

ಪರಿವರ್ತನೆ: ಇದ್ದಲ್ಲೇ ಆಗುವುದು ಒಂದೇ ದಾರಿ

ವಿಂಡೋಸ್ ಕಡತಗಳನ್ನು ಇದ್ದಲ್ಲೇ ಇಟ್ಟು ಪರಿವರ್ತಿಸುವುದು ಫ್ಯಾಟ್‌ನಿಂದ ಎನ್‌ಟಿಎಫ್‌ಎಸ್‌ಗೆ ಮಾತ್ರ. ಹಿಂದಕ್ಕೆ ಬರುವ ದಾರಿಯಿಲ್ಲ. ಎಕ್ಸ್‌ಫ್ಯಾಟ್‌ನಿಂದ ಎನ್‌ಟಿಎಫ್‌ಎಸ್‌ಗೂ ಇಲ್ಲ.

ಮೊದಲು ಮುಖ್ಯ ಕಡತಗಳ ಪ್ರತಿ ತೆಗೆಯಿರಿ, ಸಿಎಚ್‌ಕೆಡಿಎಸ್‌ಕೆ /ಎಫ್ ಓಡಿಸಿ. ಡ್ರೈವಿನ ಹೆಸರು ಕನ್ನಡದಲ್ಲೋ ಮಲಯಾಳದಲ್ಲೋ ಇದ್ದರೆ ಅದನ್ನು ನಾಲ್ಕು ಇಂಗ್ಲಿಷ್ ಅಕ್ಷರಗಳಿಗೆ ಬದಲಿಸಿ, ಮುಂದೆ ಕಪ್ಪು ಪರದೆಯಲ್ಲಿ ಅದನ್ನೇ ಒತ್ತಬೇಕಾಗುತ್ತದೆ. ಆ ಡ್ರೈವಿನ ಕಡತಗಳನ್ನೆಲ್ಲ ಮುಚ್ಚಿ, ಅಡ್ಮಿನಿಸ್ಟ್ರೇಟರ್ ಪ್ರಾಂಪ್ಟಿನಲ್ಲಿ ‘ಕನ್ವರ್ಟ್ ಇ: /ಎಫ್‌ಎಸ್:ಎನ್‌ಟಿಎಫ್‌ಎಸ್’ ಕೊಡಿ. ಈಗಿನ ಹೆಸರು ಕೇಳುತ್ತದೆ; ಹೆಸರಿಲ್ಲದಿದ್ದರೆ ಬರಿದೇ ಎಂಟರ್. ಹೊಸ ಎನ್‌ಟಿಎಫ್‌ಎಸ್‌ನ ಪಟ್ಟಿಗಳನ್ನು ಖಾಲಿ ಜಾಗದಲ್ಲಿ ಕಟ್ಟುವುದರಿಂದ ಡ್ರೈವ್ ತುಂಬಿ ತುಳುಕುತ್ತಿದ್ದರೆ ಜಾಗ ಸಾಲದೆಂದು ನಿಲ್ಲುತ್ತದೆ. ಒಂದಷ್ಟು ಕಡತ ಹೊರತೆಗೆದು ಮತ್ತೆ ಮಾಡಿ. ಚಾರ್ಜಾದ ಲ್ಯಾಪ್‌ಟಾಪಿನಲ್ಲೇ ಇದನ್ನು ಮಾಡಿ. ತುಲಾ ತಿಂಗಳ ಸಂಜೆಯ ಗುಡುಗಿನ ಹೊತ್ತಿನಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಆರಂಭಿಸಬೇಡಿ.

ಲಿನಕ್ಸಿನಲ್ಲಿ ಇಎಕ್ಸ್‌ಟಿ3ನ್ನು ಇಎಕ್ಸ್‌ಟಿ4 ಮಾಡಲು ‘ಟ್ಯೂನ್2ಎಫ್‌ಎಸ್’ ಇದೆ. ಉಳಿದೆಲ್ಲ ಜೋಡಿಗಳಿಗೂ ನಕಲಿಸು, ಫಾರ್ಮ್ಯಾಟ್ ಮಾಡು, ಮರಳಿ ತುಂಬು ಎಂಬುದೇ ನಂಬಬಹುದಾದ ಕ್ರಮ.

ಯಾವುದಕ್ಕೆ ಬದಲಿಸಬೇಕು? ಟಿವಿ, ಧ್ವನಿವರ್ಧಕದ ಪೆನ್‌ಡ್ರೈವ್ ಪೆಟ್ಟಿಗೆ, ಪ್ರಿಂಟರ್ ಇವಕ್ಕೆ ಫ್ಯಾಟ್32. ವಿಂಡೋಸಿನ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡದರಲ್ಲಿ ಈ ಆಯ್ಕೆ ತೋರಿಸದಿದ್ದರೆ ಅದು ಆ ಕಿಟಕಿಯ ಮಿತಿ, ಫ್ಯಾಟ್32ರದ್ದಲ್ಲ. ರೂಫಸ್ ಅಥವಾ ಜಿಪಾರ್ಟೆಡ್ ಮಾಡಿಕೊಡುತ್ತವೆ. ವಿಂಡೋಸ್, ಲಿನಕ್ಸ್, ಮ್ಯಾಕ್ ನಡುವೆ ಓಡಾಡುವ ಡ್ರೈವಿಗೆ ಎಕ್ಸ್‌ಫ್ಯಾಟ್. ಮ್ಯಾಕ್ ಎನ್‌ಟಿಎಫ್‌ಎಸ್‌ ಅನ್ನು ಓದುತ್ತದೆ, ತನ್ನಷ್ಟಕ್ಕೆ ಬರೆಯುವುದಿಲ್ಲ. ಲಿನಕ್ಸಿನ ತಿರುಳಾದ ಕರ್ನೆಲಿಗೆ ಎಕ್ಸ್‌ಫ್ಯಾಟ್ ಬಂದದ್ದು 2019ರ 5.4ರಲ್ಲಿ, ಅದಕ್ಕಿಂತ ಹಳೆಯ ಉಬುಂಟು 18.04ರ ಯಂತ್ರದಲ್ಲಿ ‘ಅನ್‌ನೋನ್ ಫೈಲ್‌ಸಿಸ್ಟಮ್ ಟೈಪ್ ಎಕ್ಸ್‌ಫ್ಯಾಟ್’ ಎಂದರೆ ‘ಎಕ್ಸ್‌ಫ್ಯಾಟ್-ಫ್ಯೂಸ್’ ಪ್ಯಾಕೇಜ್ ಹಾಕಿದರೆ ಸಾಕು. ಪತ್ತನಾಜೆಗೆ ತಿರುಗಾಟ ಮುಗಿದ ಮೇಲೆ ಇಡೀ ವರ್ಷದ ಮುದ್ರಣ ಕೂಡಿಡುವ ಡಿಸ್ಕಿಗೆ ವಿಂಡೋಸಿನವರು ಎನ್‌ಟಿಎಫ್‌ಎಸ್, ಲಿನಕ್ಸಿನವರು ಇಎಕ್ಸ್‌ಟಿ4 ಆರಿಸಿ. ಸಣ್ಣ ಸಣ್ಣ ಕಡತಗಳು ಸಾವಿರಗಟ್ಟಲೆ ಇದ್ದರಂತೂ ಎಕ್ಸ್‌ಫ್ಯಾಟ್ ಬೇಡ. 32 ಜಿಬಿಗಿಂತ ದೊಡ್ಡ ಡ್ರೈವಿನಲ್ಲಿ ವಿಂಡೋಸ್ ಅದಕ್ಕೆ ಸಾಮಾನ್ಯವಾಗಿ 128 ಕೆಬಿ ಕ್ಲಸ್ಟರ್ (ಜಾಗ ಹಂಚುವ ಅತಿ ಸಣ್ಣ ತುಂಡು) ಕೊಡುತ್ತದೆ. 1 ಕೆಬಿಯ ಕಡತವೂ ಅಷ್ಟೂ ಜಾಗ ಹಿಡಿಯುತ್ತದೆ.

ನಕಲಿಸುವಾಗ ಕನ್ನಡ ಹೆಸರುಗಳು

ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್‌ಗಳಲ್ಲಿ ಕಡತದ ಹೆಸರು 255 ಸಂಕೇತಗಳವರೆಗೆ ಇರಬಹುದು. ಇಎಕ್ಸ್‌ಟಿ4ರಲ್ಲಿ 255 ಬೈಟ್. ಇಂಗ್ಲಿಷಿಗೆ ಇವೆರಡೂ ಒಂದೇ. ಕನ್ನಡದಲ್ಲಿ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಒತ್ತಕ್ಷರ ಸ್ವರಚಿಹ್ನೆಗಳು ಬೇರೆ ಸಂಕೇತಗಳು. ‘ತಾಳಮದ್ದಳೆ’ ಕಣ್ಣಿಗೆ ಐದು ಅಕ್ಷರ, ಡಿಸ್ಕಿಗೆ 9 ಸಂಕೇತ, 27 ಬೈಟ್. ಹಾಗಾಗಿ ಇಎಕ್ಸ್‌ಟಿ4ರಲ್ಲಿ ಕನ್ನಡದ ಹೆಸರಿಗೆ ಸಿಗುವುದು 85 ಸಂಕೇತ. ಪ್ರಸಂಗ, ಮೇಳ, ಭಾಗವತರು, ಸ್ಥಳ, ತಾರೀಕು ಎಲ್ಲವನ್ನೂ ಹೆಸರಿನಲ್ಲೇ ತುಂಬಿದ ಕಡತ ವಿಂಡೋಸಿನಿಂದ ಶಾಲೆಯ ಯಂತ್ರಕ್ಕೆ ಹೋಗುವಾಗ ‘ಫೈಲ್ ನೇಮ್ ಟೂ ಲಾಂಗ್’ ಬರುವುದು ಇದರಿಂದ. ಸ್ಥಳ, ತಾರೀಕನ್ನು ಫೋಲ್ಡರಿನ ಹೆಸರಿಗೆ ಸಾಗಿಸಿ. ಎದುರು ದಿಕ್ಕಿನಲ್ಲಿ, ಲಿನಕ್ಸಿನಲ್ಲಿ ‘9:30’ ಎಂದು ಕೋಲನ್ ಹಾಕಿದ ಹೆಸರು ಫ್ಯಾಟ್, ಎಕ್ಸ್‌ಫ್ಯಾಟ್ ಡಿಸ್ಕಿಗೆ ಹೋಗುವುದಿಲ್ಲ. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಜೋಡಿ ಉದ್ಧರಣ ಚಿಹ್ನೆಗಳೂ ಅಷ್ಟೇ.

ವಿಂಡೋಸಿನಲ್ಲಿ ದೊಡ್ಡ ನಕಲಿಗೆ ರೋಬೋಕಾಪಿ ಬಳಸಿ, ಆದರೆ ‘/ಇ’ ಜೊತೆಗೆ ‘/ಆರ್:1 /ಡಬ್ಲ್ಯು:1’ ಸೇರಿಸಿ. ಇಲ್ಲದಿದ್ದರೆ ಓದಲಾಗದ ಒಂದೇ ಕಡತಕ್ಕೆ ಅದು 30 ಸೆಕೆಂಡಿಗೊಮ್ಮೆ ಹತ್ತು ಲಕ್ಷ ಸಲ ಪ್ರಯತ್ನಿಸುತ್ತ ಕೂರುತ್ತದೆ. ಲಿನಕ್ಸಿನಲ್ಲಿ ನಕಲಿನ ಪಟ್ಟಿ ತುಂಬಿ ಮಾಯವಾದರೂ ಡಿಸ್ಕಿಗೆ ಬರೆಯುವುದು ಮುಗಿದಿರುವುದಿಲ್ಲ. ಇಜೆಕ್ಟ್ ಒತ್ತಿ, ‘ಈಗ ತೆಗೆಯಬಹುದು’ ಎನ್ನುವವರೆಗೆ ಕಾಯಿರಿ.

ಹಳೆಯದನ್ನು ಫಾರ್ಮ್ಯಾಟ್ ಮಾಡುವ ಮೊದಲು ಎರಡೂ ಪ್ರತಿಗಳನ್ನು ಹೋಲಿಸಿ. ಲಿನಕ್ಸಿನಲ್ಲಿ ‘ಎಸ್‌ಎಚ್‌ಎ256ಸಮ್’ನಿಂದ ಮೂಲದ ಕಡತಗಳ ಬೆರಳಚ್ಚಿನಂಥ ಸಂಕೇತಗಳ ಪಟ್ಟಿ ಮಾಡಿ, ಹೊಸ ಡಿಸ್ಕಿನಲ್ಲಿ ಅದನ್ನೇ ‘-ಸಿ’ ಹಾಕಿ ಓಡಿಸಿದರೆ ಪ್ರತಿ ಕಡತಕ್ಕೂ ‘ಓಕೆ’ ಅಥವಾ ‘ಫೇಲ್ಡ್’ ಎಂದು ಬರುತ್ತದೆ. ಫೇಲ್ಡ್ ಬಂದವನ್ನಷ್ಟೇ ಮತ್ತೆ ನಕಲಿಸಿ, ಮತ್ತೊಮ್ಮೆ ಓಡಿಸಿ. ಅದೇ ಕಡತ ಪುನಃ ಫೇಲ್ಡ್ ಆದರೆ ಮೂಲ ಡಿಸ್ಕಿನ 197ನೇ ಸಾಲನ್ನು ನೋಡಿ.